ತೆರೆ ಓದುವ ಫೋನು, ಓದಿಸಿಕೊಳ್ಳದ ಪಾಠ

ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ ಈಗ ಫೋನಿನೊಳಗೇ ಇರುತ್ತದೆ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಎರಡೂ 2009ರಲ್ಲಿ ಬಂದವು. ಬೆರಳಿಟ್ಟಲ್ಲಿ ಇರುವುದನ್ನು ಉಚ್ಚರಿಸುತ್ತವೆ. ಎರಡು ಸಲ ತಟ್ಟಿದರೆ ತೆರೆಯುತ್ತವೆ. ಕನ್ನಡದ ಧ್ವನಿಯೂ ಉಂಟು. ಹಾಗಿದ್ದರೂ ನೀವು ಕಳಿಸಿದ ಟಿಪ್ಪಣಿ ಅಂಧ ವಿದ್ಯಾರ್ಥಿಗೆ ಏಕೆ ತಲುಪುವುದಿಲ್ಲ?

ಮಾನ್ವಿ ತಾಲ್ಲೂಕಿನ 'ನೀರಮಾನ್ವಿ'ಯ ಹೆಸರನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದು 9 ಸಂಕೇತಗಳ ಸಾಲು. ಕೊನೆಯ 'ನ್ವಿ'ಯಲ್ಲಿ ಗುಡಿಸು ನಕಾರದ ಮೇಲೆ ಕಂಡರೂ ಅದರ ಸಂಕೇತ ಬರುವುದು ವಕಾರದ ನಂತರ, ಅಂದರೆ ನಾವು ನುಡಿಯುವ ಕ್ರಮದಲ್ಲೇ. ಆದ್ದರಿಂದ ಫೋನು ಸರಿಯಾಗಿ ಓದುತ್ತದೆ.

ಹಳೆಯ 'ನುಡಿ' ಅಕ್ಷರಶೈಲಿಯ ಕಥೆ ಬೇರೆ. ಅಲ್ಲಿ ರೋಮನ್ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಲಾಗಿದೆ. 'ರ' ಬರೆದರೆ ಒಳಗೆ ಉಳಿಯುವುದು ಇಂಗ್ಲಿಷಿನ ಜಿ ಮತ್ತು ಇನ್ನೊಂದು ಚಿಹ್ನೆ. 'ನ'ಕಾರಕ್ಕೆ ಪೌಂಡ್ ಗುರುತು. ಕಣ್ಣಿಗೆ ಕನ್ನಡ, ಕಿವಿಗೆ ಗೊಂದಲ. ಓದುಗ ತಂತ್ರಾಂಶ ನೋಡುವುದು ಆಕಾರವನ್ನಲ್ಲ, ಸಂಕೇತವನ್ನು. ಸ್ಕ್ಯಾನ್ ಮಾಡಿದ ಪುಟವಂತೂ ಬರಿಯ ಚಿತ್ರ.

ಸಾಧನದಲ್ಲೂ ಕೊರತೆಗಳಿವೆ. ಕನ್ನಡದ ಧ್ವನಿ ಯಾಂತ್ರಿಕ. ಚಿತ್ರವಾಗಿ ಅಂಟಿಸಿದ ಸಮೀಕರಣ ಅದಕ್ಕೆ ನಿಲುಕದು. ಆದರೆ ದೊಡ್ಡ ತಪ್ಪು ನಮ್ಮದು. ಕನ್ನಡ ಯೂನಿಕೋಡ್ ಸೇರಿದ್ದು 1991ರಲ್ಲಿ. ಹಳೆಯ ಶೈಲಿಯ ಕಡತಗಳು ಇನ್ನೂ ಕೈಯಿಂದ ಕೈಗೆ ದಾಟುತ್ತಿವೆ.

ಶಿಕ್ಷಕರೇ, ಮುಂದಿನ ಪಾಠವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚಿಸಿ, ಪ್ರತಿ ಚಿತ್ರಕ್ಕೂ ಎರಡು ಸಾಲಿನ ವಿವರಣೆ ಬರೆಯಿರಿ. ಕಳಿಸುವ ಮುನ್ನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ ಕೇಳಿ. ನಿಮಗೆ ಅರ್ಥವಾಗದ್ದು ಆ ವಿದ್ಯಾರ್ಥಿಗೂ ಅರ್ಥವಾಗದು.