ಇಕ್ಕಟ್ಟಿನ ಬಾಗಿಲಲ್ಲಿ ನಿಂತು ಹಂಪಿ ನೋಡುವುದು

ಹಂಪಿಯ ವಿರೂಪಾಕ್ಷ ದೇವಸ್ಥಾನದ ಗರ್ಭಗುಡಿಯ ಹಿಂಬದಿಗೆ ಹೋದರೆ ಒಂದು ಕತ್ತಲ ಕೋಣೆ ಸಿಗುತ್ತದೆ. ಗೋಡೆಯಲ್ಲಿ ಸಣ್ಣದೊಂದು ಕಿಂಡಿ. ಅದರಿಂದ ಒಳಗೆ ಬಂದ ಬೆಳಕು ಪೂರ್ವದ ದೊಡ್ಡ ಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬಿಡಿಸುತ್ತದೆ. ಹಂಪಿಗೆ ಬಂದವರು ಇದನ್ನು ನೋಡದೆ ಹೋಗುವುದಿಲ್ಲ. ರಜಾ ದಿನದಲ್ಲಿ ಆ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಒಳಗಿದ್ದವರು ಹೊರಗೆ ಬರಬೇಕು, ಹೊರಗಿದ್ದವರು ಒಳಗೆ ನುಗ್ಗಬೇಕು, ದಾರಿ ಮಾತ್ರ ಒಂದೇ. ಕಿಂಡಿಗೆ ಯಾರಾದರೂ ಅಡ್ಡ ನಿಂತರೆ ಗೋಪುರವೇ ಮಾಯ. ಅಷ್ಟರಲ್ಲಿ ಒಬ್ಬ ಗೈಡ್ ಬಂದು ಬಾಗಿಲಿಗೆ ಕೈ ಅಡ್ಡ ಹಿಡಿಯುತ್ತಾನೆ. ಒಳಗಿನವರನ್ನೆಲ್ಲ ಹೊರಗೆ ಕಳಿಸಿ ಐದಾರು ಜನರನ್ನಷ್ಟೇ ಒಳಗೆ ಬಿಡುತ್ತಾನೆ. ಕಿಂಡಿಯ ಮುಂದೆ ಒಂದು ಬಿಳಿ ಹಾಳೆ ಹಿಡಿದು ನೆರಳು ತೋರಿಸಿ, ನಾಲ್ಕು ಮಾತು ಹೇಳಿ, ಮುಂದಿನವರನ್ನು ಕರೆಯುತ್ತಾನೆ. ಗದ್ದಲ ತಾನಾಗಿ ಇಳಿಯುತ್ತದೆ. ಎಲ್ಲರಿಗೂ ಗೋಪುರ ಕಾಣುತ್ತದೆ.

ಪ್ರವಾಸಿ ತಾಣದ ನಿರ್ವಹಣೆ ಎಂಬ ವಿದ್ಯೆಯಲ್ಲಿ ನನಗೆ ದಕ್ಕಿದ ಮೊದಲ ಪಾಠ ಆ ಬಾಗಿಲಿನದು. ಒಂದು ಜಾಗ ಎಷ್ಟು ಜನರನ್ನು ತಾಳುತ್ತದೆ ಎಂದು ಕೇಳಿದಾಗ ನಾವು ಅದರ ಒಟ್ಟು ವಿಸ್ತಾರ ನೋಡುತ್ತೇವೆ. ನೋಡಬೇಕಾದದ್ದು ಅದರ ಅತಿ ಇಕ್ಕಟ್ಟಾದ ಜಾಗವನ್ನು. ಹಂಪಿಯ ವಿಶ್ವ ಪರಂಪರೆಯ ಕೇಂದ್ರ ಪ್ರದೇಶವೇ ಸುಮಾರು 42 ಚದರ ಕಿಲೋಮೀಟರ್. ಸುತ್ತಲಿನ ರಕ್ಷಿತ ವಲಯ ಸೇರಿಸಿದರೆ 236 ಚದರ ಕಿಲೋಮೀಟರ್, 29 ಹಳ್ಳಿಗಳು. ಕಾಗದದ ಮೇಲೆ ಅಲ್ಲಿ ಲಕ್ಷ ಜನ ಕಳೆದುಹೋಗುವಷ್ಟು ಬಯಲಿದೆ. ಆದರೆ ಆ ಲಕ್ಷ ಜನರೂ ಕತ್ತಲ ಕೋಣೆಯ ಬಾಗಿಲಿಗೆ, ಕಲ್ಲಿನ ರಥದ ಮುಂದಿನ ಹತ್ತು ಮಾರು ಜಾಗಕ್ಕೆ, ಸಂಜೆ ಹೇಮಕೂಟದ ಬಂಡೆಯ ಅಂಚಿಗೆ ಬಂದೇ ಬರುತ್ತಾರೆ. ತಾಣದ ಅಳತೆ ಇರುವುದು ಅಲ್ಲಿ.

ಈ ಶಾಸ್ತ್ರದ ಪುಸ್ತಕಗಳು ಧಾರಣಾ ಸಾಮರ್ಥ್ಯದ ಲೆಕ್ಕದಿಂದ ಶುರುವಾಗುತ್ತವೆ. ಇಷ್ಟು ಹುಲ್ಲುಗಾವಲಿಗೆ ಇಷ್ಟು ದನ ಎಂದು ಲೆಕ್ಕ ಹಾಕುವವರಿಂದ ಬಂದ ಕಲ್ಪನೆ ಅದು. ಮನುಷ್ಯರ ವಿಷಯದಲ್ಲಿ ಅದು ಅಷ್ಟು ಸಲೀಸಾಗಿ ಕೂರುವುದಿಲ್ಲ. ಮೌನವಾಗಿ ನಡೆದುಹೋಗುವ ಇನ್ನೂರು ಜನ ಮಾಡದ ಹಾನಿಯನ್ನು ಕಂಬ ಬಡಿಯುವ ಇಬ್ಬರು ಮಾಡಿಬಿಡಬಹುದು. ಅಮೆರಿಕದ ಅರಣ್ಯ ಸೇವೆಯವರು 1985ರಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಎಷ್ಟು ಜನ ಬರಬಹುದು ಎಂಬುದನ್ನು ಪಕ್ಕಕ್ಕಿಟ್ಟು, ಎಷ್ಟು ಬದಲಾವಣೆಯನ್ನು ನಾವು ಒಪ್ಪಿಕೊಳ್ಳಬಹುದು ಎಂದು ಕೇಳಿದರು. ಆ ಮಿತಿಯನ್ನು ಮೊದಲೇ ಬರೆದಿಟ್ಟು ವರ್ಷ ವರ್ಷ ಅಳೆಯುವುದು ಅವರ ಕ್ರಮ. ಕಾಲುದಾರಿ ಎಷ್ಟು ಅಗಲವಾಯಿತು, ಮಣ್ಣು ಎಷ್ಟು ಕೊಚ್ಚಿಹೋಯಿತು, ಒಬ್ಬ ನಡೆಯುವವನಿಗೆ ದಾರಿಯಲ್ಲಿ ಎಷ್ಟು ಗುಂಪು ಎದುರಾದವು. ಈ ಕ್ರಮ ನನಗೆ ಬಹಳ ಹಿಡಿಸಿತು. ಅಂದಿನಿಂದ ಯಾವ ಊರಿಗೆ ಹೋದರೂ ಶಿಲ್ಪ ನೋಡುವ ಮೊದಲು ನೆಲ ನೋಡುತ್ತೇನೆ. ಎಲ್ಲಿ ಹುಲ್ಲು ಸತ್ತಿದೆ, ಯಾವ ಮೆಟ್ಟಿಲು ಸವೆದಿದೆ, ಯಾವ ಶಿಲ್ಪದ ಮೊಣಕಾಲು ಕೈ ತಾಗಿ ತಾಗಿ ಕಪ್ಪಾಗಿ ಹೊಳೆಯುತ್ತಿದೆ ಎಂದು ನೋಡಿದರೆ ಜನ ಎಲ್ಲಿ ನಿಲ್ಲುತ್ತಾರೆ, ಏನು ಮಾಡುತ್ತಾರೆ ಎಂಬುದು ಬರೆದಿಟ್ಟಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ವಿಜಯ ವಿಠ್ಠಲ ದೇವಸ್ಥಾನದಲ್ಲಿ ಈ ಓದು ಇನ್ನೂ ಚೆನ್ನಾಗಿ ಸಾಗುತ್ತದೆ. ಈಗ ವಾಹನಗಳನ್ನು ಸುಮಾರು ಒಂದು ಕಿಲೋಮೀಟರ್ ಹಿಂದೆ, ಗೆಜ್ಜಲ ಮಂಟಪದ ಬಳಿಯೇ ನಿಲ್ಲಿಸಬೇಕು. ಅಲ್ಲಿಂದ ಬ್ಯಾಟರಿ ಗಾಡಿ, ಇಲ್ಲವೇ ಕಾಲ್ನಡಿಗೆ. ಗಾಡಿಗಳನ್ನು ಸುತ್ತಲಿನ ಊರಿನ ಹೆಣ್ಣುಮಕ್ಕಳು ಓಡಿಸುವುದನ್ನು ಕಂಡು ನನಗೆ ನಿಜವಾಗಿ ಸಂತೋಷವಾಗಿತ್ತು. ಡೀಸೆಲ್ ಹೊಗೆ, ಬಸ್ಸಿನ ಅದುರು ಗುಡಿಯ ಹತ್ತಿರ ಬರದಂತೆ ಮಾಡಿದ್ದು ಈ ವ್ಯವಸ್ಥೆಯ ಕಣ್ಣಿಗೆ ಕಾಣುವ ಲಾಭ. ಇನ್ನೊಂದು ಲಾಭ ನಿಧಾನಕ್ಕೆ ತಿಳಿಯುತ್ತದೆ. ಆ ಒಂದು ಕಿಲೋಮೀಟರ್ ದಾರಿ ಜನರನ್ನು ಸೋಸುತ್ತದೆ. ಒಂದೇ ಬಸ್ಸಿನಿಂದ ಇಳಿದ ಐವತ್ತು ಜನ ಒಟ್ಟಿಗೆ ಬಾಗಿಲಿಗೆ ಬರುವ ಬದಲು, ಗಾಡಿಗೆ ಇಷ್ಟಿಷ್ಟು ಜನರಂತೆ, ನಡೆಯುವವರು ಅವರವರ ನಡಿಗೆಯಂತೆ, ಚದುರಿ ಬರುತ್ತಾರೆ. ನಡೆದು ಹೋದವರಿಗೆ ಎಡಬಲದ ಸಾಲು ಮಂಟಪ, ಪುಷ್ಕರಣಿ, ಕುದುರೆ ಸಂತೆ ನಡೆಯುತ್ತಿತ್ತೆಂದು ಹೇಳುವ ಬೀದಿ ಎಲ್ಲವೂ ಸಿಗುತ್ತವೆ. ಗುಡಿ ಹೊಕ್ಕುವ ಹೊತ್ತಿಗೆ ಅವರ ದನಿ ತಗ್ಗಿರುತ್ತದೆ. ಇದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ. ದೂರದಿಂದ ನಡೆದು ಬಂದವರು ಕಲ್ಲಿನ ಜೊತೆ ಹೆಚ್ಚು ಹೊತ್ತು ಇರುತ್ತಾರೆ, ಕಡಿಮೆ ಗದ್ದಲ ಮಾಡುತ್ತಾರೆ.

ಒಳಗಿನ ಕಥೆ ಬೇರೆ. ನಾದ ಹೊಮ್ಮಿಸುವ ಕಂಬಗಳನ್ನು ಬಡಿದು ಬಡಿದು ನೋಡಿದ ತಲೆಮಾರುಗಳ ಫಲವಾಗಿ ಈಗ ಮಹಾಮಂಟಪದತ್ತ ಯಾರನ್ನೂ ಬಿಡುವುದಿಲ್ಲ. ಕಲ್ಲಿನ ರಥದ ಚಕ್ರಗಳು ಒಂದು ಕಾಲದಲ್ಲಿ ತಿರುಗುತ್ತಿದ್ದವು. ಈಗ ಅವನ್ನು ತಿರುಗದಂತೆ ಗಾರೆ ಹಾಕಿ ಬಿಗಿಯಲಾಗಿದೆ, ರಥದ ಸುತ್ತ ತಡೆಯೂ ಬಂದಿದೆ. 50 ರೂಪಾಯಿ ನೋಟಿನ ಮೇಲೆ ಬಂದ ಮೇಲಂತೂ ಆ ರಥದ ಮುಂದೆ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳುವವರ ಸಾಲು ತಪ್ಪಿದ್ದಿಲ್ಲ. ತಡೆ ಹಾಕಿದ್ದು ಸರಿ. ಆದರೆ ಯಾಕೆ ಹಾಕಿದ್ದೇವೆ ಎಂದು ಎರಡು ಸಾಲು ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ, ನಿಲ್ಲುವ ಜಾಗದಲ್ಲೇ ಬರೆದಿಟ್ಟರೆ ಹಗ್ಗದ ಕೆಲಸ ಅರ್ಧ ಹಗುರಾಗುತ್ತದೆ. ಕಾರಣ ತಿಳಿದವರು ತಡೆಯನ್ನು ದಾಟುವುದು ಕಡಿಮೆ.

ಹೊಸಪೇಟೆ ಕಡೆಯ ಒಬ್ಬ ಹಿರಿಯ ಗೈಡ್ ನನಗೆ ಇದೇ ಅಂಗಳದಲ್ಲಿ ಕಲಿಸಿದ ಮಾತೊಂದಿದೆ: ‘ಮಂದಿ ಬರೋದು ತ್ರಾಸಲ್ರಿ ಸರ. ಎಲ್ಲಾರೂ ಹನ್ನೊಂದಕ್ಕ ಬರ್ತಾರಲ್ರಿ, ಅದು ತ್ರಾಸು.’ ಅವರು ತಮ್ಮ ಗುಂಪನ್ನು ಎಲ್ಲರೂ ಹೋಗುವ ಸರದಿಗೆ ತಿರುಗಾಮುರುಗಾ ಕರೆದೊಯ್ಯುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ವಿಠ್ಠಲ, ಬಿಸಿಲು ಏರಿದ ಮೇಲೆ ಕಮಲಾಪುರದ ವಸ್ತುಸಂಗ್ರಹಾಲಯದ ನೆರಳು, ಮಧ್ಯಾಹ್ನ ಕಳೆದು ಕಮಲ ಮಹಲ್ ಮತ್ತು ಆನೆ ಲಾಯ, ಕೊನೆಗೆ ವಿರೂಪಾಕ್ಷ. ಅವರ ಗುಂಪಿಗೆ ನೂಕುನುಗ್ಗಲು ಸಿಗುವುದು ಅಪರೂಪ. ಒಂದೇ ಟಿಕೆಟ್ಟಿನಲ್ಲಿ ವಿಠ್ಠಲ, ಜನಾನಾ ಆವರಣ, ವಸ್ತುಸಂಗ್ರಹಾಲಯ ಮೂರನ್ನೂ ಅದೇ ದಿನ ನೋಡಬಹುದು. ಟಿಕೆಟ್ಟಿನ ಮೇಲೆ ಗಂಟೆಯೊಂದನ್ನು ಮುದ್ರಿಸಿ, ಈ ಹೊತ್ತಿಗೆ ಈ ಬಾಗಿಲು ಎಂದು ಹಂಚಿದರೆ, ಒಬ್ಬನನ್ನೂ ವಾಪಸು ಕಳಿಸದೆ ಜಂಗುಳಿಯನ್ನು ಅರ್ಧಕ್ಕೆ ಇಳಿಸಬಹುದು ಎಂದು ನನ್ನ ದೃಢವಾದ ನಂಬಿಕೆ.

ಇವೆಲ್ಲ ನಾವು ಹೊರಗಿನಿಂದ ತರಬೇಕಾದ ವಿದ್ಯೆಯೂ ಅಲ್ಲ. ವಿಜಯನಗರದವರು ಜನಸಂದಣಿಯನ್ನು ಬಲ್ಲವರು. ಪ್ರತಿ ದೊಡ್ಡ ಗುಡಿಯ ಮುಂದೆ ನೇರ, ಅಗಲ ರಥಬೀದಿ. ಇಕ್ಕೆಲದಲ್ಲಿ ಕೂರಲು, ಮಲಗಲು, ವ್ಯಾಪಾರಕ್ಕೆ ಮಂಟಪದ ಸಾಲು. ಹತ್ತಿರದಲ್ಲೇ ಪುಷ್ಕರಣಿ. ರಥ ಎಳೆಯುವವರಿಗೆ, ನೋಡುವವರಿಗೆ, ಉತ್ತುತ್ತಿ ಬಾಳೆಹಣ್ಣು ಎಸೆಯುವವರಿಗೆ ಜಾಗ ಬೇರೆ ಬೇರೆ. ಪ್ರದಕ್ಷಿಣೆ ಎಂಬ ಪದ್ಧತಿಯಲ್ಲೇ ಎಲ್ಲರೂ ಒಂದೇ ದಿಕ್ಕಿಗೆ ನಡೆಯುವ ಕಟ್ಟಳೆಯಿದೆ. ಎದುರುಬದುರು ಡಿಕ್ಕಿಯಾಗುವ ಪ್ರಮೇಯವಿಲ್ಲ. ಬೇಸಿಗೆಯ ಜಾತ್ರೆಯ ದಾರಿಯುದ್ದಕ್ಕೂ ನಮ್ಮ ಹಳ್ಳಿಯವರು ಅರವಟ್ಟಿಗೆ ಇಡುತ್ತಾರೆ. ನೀರು ಕುಡಿಯಲು ನಿಂತವರಿಂದ ಸಾಲು ತುಂಡಾಗಿ ಹಗುರಾಗುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಈಗಿನ ಪ್ರವಾಸಿ ಯೋಜನೆಗಳನ್ನು ಬರೆಯುವವರು ಚೈತ್ರದ ವಿರೂಪಾಕ್ಷ ರಥೋತ್ಸವವನ್ನು ಬೀದಿಯ ತುದಿಯಿಂದ ಒಮ್ಮೆ ನಿಂತು ನೋಡಬೇಕು.

ಜನರನ್ನು ಚದುರಿಸಬೇಕು ಎಂಬ ಮಾತನ್ನು ಈಗ ಎಲ್ಲರೂ ಹೇಳುತ್ತಾರೆ. ಕಮಲಾಪುರದ ಪಟ್ಟಾಭಿರಾಮ ದೇವಸ್ಥಾನ ವಿಠ್ಠಲಕ್ಕೆ ಸರಿಗಟ್ಟುವಷ್ಟು ದೊಡ್ಡ ಅಂಗಳದ್ದು. ಎಷ್ಟೋ ಸಂಜೆ ಅಲ್ಲಿ ಗಿಳಿಗಳ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಆನೆಗೊಂದಿಗೆ ಬರುವವರೂ ಕಡಿಮೆ. ಹಾಗೆಂದು ಬೋರ್ಡು ಹಾಕಿ ಜನರನ್ನು ಅತ್ತ ತಿರುಗಿಸಿಬಿಟ್ಟರೆ ಸಾಕೇ? 2019ರ ಫೆಬ್ರುವರಿಯಲ್ಲಿ ಆನೆ ಲಾಯದ ಹಿಂದಿನ ವಿಷ್ಣು ಗುಡಿಯ ಬಳಿ ಕೆಲವು ಯುವಕರು ಕಂಬವೊಂದನ್ನು ನೂಕಿ ಬೀಳಿಸಿದ ವಿಡಿಯೊ ನಾಡಿನವರೆಲ್ಲ ನೋಡಿದ್ದು. ನ್ಯಾಯಾಲಯ ಅವರಿಗೆ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು, ಬಿದ್ದ ಕಂಬಗಳನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಆ ಶಿಕ್ಷೆ ನನಗೆ ಬಹಳ ಸರಿ ಅನಿಸಿತು. ಆದರೆ ಆ ಕೃತ್ಯ ನಡೆದದ್ದು ಜಂಗುಳಿಯಲ್ಲಿ ಅಲ್ಲ, ಯಾರೂ ಇಲ್ಲದ ಮೂಲೆಯಲ್ಲಿ. ಒಬ್ಬ ಕಾವಲುಗಾರ, ಒಬ್ಬ ದನಗಾಹಿ, ಒಂದು ಚಹಾ ಅಂಗಡಿ ಅಲ್ಲಿ ಇದ್ದಿದ್ದರೆ ಆ ಕಂಬಕ್ಕೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಜನರನ್ನು ಹೊಸ ಜಾಗಕ್ಕೆ ಕಳಿಸುವ ಮೊದಲು ಅಲ್ಲಿ ಕಣ್ಣುಗಳನ್ನು ಇಡಬೇಕು.

ಆ ಕಣ್ಣುಗಳು ಊರಿನವರವು. ಈ ವಿಷಯದಲ್ಲಿ ಹಂಪಿಯ ಇತಿಹಾಸ ನೋವಿನದು. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಂಪಿ, ಸೇತುವೆ ಕಾಮಗಾರಿಗಳ ಕಾರಣದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿತ್ತು, 2006ರಲ್ಲಿ ಹೊರಬಂತು. ನಡುವೆ, 2002ರಲ್ಲಿ, ನಿರ್ವಹಣಾ ಪ್ರಾಧಿಕಾರಕ್ಕೆಂದೇ ಕಾಯ್ದೆ ಆಯಿತು. 2011ರಲ್ಲಿ ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದರು. ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನದಿಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ. ನದಿಯ ನಡುಗಡ್ಡೆಯ ಮೇಲೆ ನಿಯಮ ಮೀರಿ ಎದ್ದ ರೆಸಾರ್ಟು ಒಂದು ಮಾತು. ಬಜಾರಿನಲ್ಲಿ ಹೂ, ಹಣ್ಣು, ಊಟ ಮಾರಿಕೊಂಡಿದ್ದವರು ಬೇರೆಯೇ ಮಾತು. ಆ ಬೀದಿ ಕಟ್ಟಿದ್ದೇ ವ್ಯಾಪಾರಕ್ಕೆ. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸುವುದನ್ನು ತಡೆಯಬೇಕಿತ್ತು, ನಿಜ. ಅದಕ್ಕೆ ಬೀದಿಯನ್ನೇ ಬರಿದು ಮಾಡಬೇಕಿರಲಿಲ್ಲ. ಕಟ್ಟುಪಾಡು ಹಾಕಿ, ಹಗಲಿನ ಅಂಗಡಿಗಳನ್ನಾದರೂ ಅಲ್ಲೇ ಉಳಿಸಿದ್ದರೆ, ಆ ಜನರೇ ಈಗ ಅತ್ಯುತ್ತಮ ಕಾವಲುಗಾರರಾಗಿರುತ್ತಿದ್ದರು.

ಬೆಟ್ಟಗಳ ಮೇಲೂ ಇದೇ ಇಕ್ಕಟ್ಟಿನ ಬಾಗಿಲಿನ ಪಾಠ. 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿದ ಚಿತ್ರ ನೋಡಿ ಎಲ್ಲರೂ ಬೆಚ್ಚಿದರು. 1,712 ಮೀಟರ್ ಎತ್ತರದ ಆ ಬೆಟ್ಟದ ಇಕ್ಕಟ್ಟು ತುದಿಯಲ್ಲಿಲ್ಲ. ಗಿರಿಗದ್ದೆಯ ತಪಾಸಣೆ ಗೇಟಿನಲ್ಲಿ, ಒಬ್ಬರ ಹಿಂದೊಬ್ಬರು ಮಾತ್ರ ಹೋಗಬಹುದಾದ ಹುಲ್ಲಿನ ಏಣಿನಲ್ಲಿ, ನೀರು ಸಿಗುವ ಒಂದೆರಡು ಕಡೆ ಇದೆ. ಸರ್ಕಾರ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ನೀಲಗಿರಿಯವರು ಇಟ್ಟ ಹೆಜ್ಜೆ ನನಗೆ ಇನ್ನೂ ವಿವೇಕದ್ದು ಅನಿಸುತ್ತದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ತಂದು ಮೊದಲು ಎಣಿಸಿದರು. ಮರುವರ್ಷದ ಬೇಸಿಗೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ಗೆರೆ ಎಳೆದರು. ಎಣಿಸದೆ ಹಾಕಿದ ಮಿತಿಯನ್ನು ಜನ ದಬ್ಬಾಳಿಕೆ ಎನ್ನುತ್ತಾರೆ, ಎಣಿಸಿ ಹಾಕಿದ್ದನ್ನು ಒಪ್ಪುತ್ತಾರೆ. ವೆನಿಸ್ ನಗರ 2024ರ ಏಪ್ರಿಲ್ 25ರಿಂದ ದಿನದ ಮಟ್ಟಿಗೆ ಬಂದುಹೋಗುವವರಿಗೆ 5 ಯೂರೊ ಶುಲ್ಕ ಹಾಕಿತು. ಅಷ್ಟು ದೂರದಿಂದ ಬಂದವನನ್ನು 5 ಯೂರೊ ತಡೆಯುವುದಿಲ್ಲ ಎಂದು ಅಲ್ಲಿನ ನಿವಾಸಿಗಳೇ ಆಗ ದೂರಿದರು. ಅವರ ಮಾತು ಸರಿ. ಹಣದ ಬೇಲಿ ಬಡವನನ್ನಷ್ಟೇ ತಡೆಯುತ್ತದೆ. ಗಂಟೆಯ ಬೇಲಿ ಎಲ್ಲರಿಗೂ ಸಮ.

ಹಾಗಾಗಿ ಹಂಪಿಯನ್ನು ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮೂರು ನಾಲ್ಕು ಇಕ್ಕಟ್ಟಿನ ಜಾಗ ಗುರುತಿಸಿ, ಅಲ್ಲಿ ಗಂಟೆಗೆ ಎಷ್ಟು ಜನ ಬರುತ್ತಾರೆಂದು ಒಂದು ವರ್ಷ ಎಣಿಸಿ, ಆ ಲೆಕ್ಕವನ್ನು ಗೆಜ್ಜಲ ಮಂಟಪದ ಬಳಿಯ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿ. ಓದುಗರಿಗೂ ಒಂದು ಮಾತು. ಹಂಪಿಗೆ ಹೋಗುವುದಾದರೆ ವಾರದ ನಡುವೆ ಹೋಗಿ, ಒಂದೇ ದಿನದಲ್ಲಿ ಮುಗಿಸದೆ ಎರಡು ರಾತ್ರಿ ಉಳಿಯಿರಿ, ಊರಿನ ಗೈಡ್ ಒಬ್ಬರನ್ನು ಮಾಡಿಕೊಳ್ಳಿ, ಮೊಣಕಾಲು ಒಪ್ಪಿದರೆ ವಿಠ್ಠಲಕ್ಕೆ ನಡೆದೇ ಹೋಗಿ. ಬಿಸಿಲು ಜೋರು, ನೀರಿನ ಬಾಟಲಿ ಒಯ್ಯಿರಿ, ಖಾಲಿಯಾದದ್ದನ್ನು ಹೊಸಪೇಟೆಗೆ ವಾಪಸು ತನ್ನಿ.