ಟಾಲ್‌ಸ್ಟಾಯ್ ಅವರ ಮರಳುದಾರಿ ಮತ್ತು ವಾಚಕಧರ್ಮ

ಕೊಪ್ಪಳದ ಗವಿಮಠದ ಜಾತ್ರೆಗೆ ಬರುವ ಅಸಂಖ್ಯ ಭಕ್ತರಲ್ಲಿ, ಅಲ್ಲಿಯ ಬೆಟ್ಟದ ಬಂಡೆಯ ಮೇಲಿರುವ ಅಶೋಕನ ಶಾಸನದ ಮುಂದೆ ನಿಲ್ಲುವವರು ವಿರಳ. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಆ ಕಿರುಶಾಸನದಲ್ಲಿ ಚಕ್ರವರ್ತಿಯು ತನ್ನ ವಿಷಯವಾಗಿಯೇ ಒಂದು ಸಂಗತಿಯನ್ನು ಒಪ್ಪಿಕೊಂಡಿದ್ದಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು. ಆದರೆ ಮೊದಲಿಗೆ ತನ್ನಲ್ಲಿ ತಕ್ಕಷ್ಟು ಪ್ರಯತ್ನವಿರಲಿಲ್ಲ. ಸಂಘದ ಸಮೀಪಕ್ಕೆ ಬಂದ ಬಳಿಕ, ವರ್ಷಕ್ಕೂ ಮಿಕ್ಕ ಕಾಲದಿಂದ, ನಿಜವಾದ ಶ್ರದ್ಧೆಯಿಂದ ನಡೆಯುತ್ತಿದ್ದೇನೆ ಎಂಬುದು ಅದರ ಆಶಯ. ಶ್ರದ್ಧೆಯು ಒಂದೇ ದಿನದಲ್ಲಿ ಬರುವುದಿಲ್ಲ, ಬಂದರೂ ಕೂಡಲೇ ನೆಲೆಗೊಳ್ಳುವುದಿಲ್ಲ ಎಂಬ ಈ ತಪ್ಪೊಪ್ಪಿಗೆ ನಮ್ಮ ನೆಲದ ಕಲ್ಲಿನಲ್ಲಿಯೇ ಇದೆ. ರಷ್ಯಾದೇಶದ ಕಾದಂಬರಿಕಾರ ಲಿಯೋ ಟಾಲ್‌ಸ್ಟಾಯ್ ಅವರು ಕ್ರೈಸ್ತಶ್ರದ್ಧೆಗೆ ಮರಳಿದ ಬಗೆಯನ್ನೂ, ಆ ಮರಳುವಿಕೆಗೆ ಅವರ ವಾಚಕರು ತೋರಿದ ಪ್ರತಿಕ್ರಿಯೆಯನ್ನೂ ಪರಿಶೀಲಿಸ ಹೊರಟಾಗ ನನಗೆ ಮೊದಲು ನೆನಪಾದದ್ದು ಈ ಬಂಡೆ.

ಟಾಲ್‌ಸ್ಟಾಯ್ ಕನ್ನಡಿಗರಿಗೆ ಹೊರಗಿನವರಲ್ಲ. ದೇಜಗೌ ಅವರು ಟಾಲ್‌ಸ್ಟಾಯ್ ಅವರ ಬೃಹತ್ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮಾಸ್ತಿಯವರು ತಮ್ಮ ಒಂದು ಕಥೆಗೆ ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜ ವೃಕ್ಷಗಳು’ ಎಂದು ಹೆಸರಿಟ್ಟರು. ಪರದೇಶದ ಕಾದಂಬರಿಕಾರನೊಬ್ಬನನ್ನು ಕನ್ನಡದ ಕಥೆಗಾರ ‘ಮಹರ್ಷಿ’ ಎಂದು ಕರೆದುದು ಸಾಮಾನ್ಯ ಸಂಗತಿಯಲ್ಲ. ಆದರೆ ಅವರನ್ನು ಮಹರ್ಷಿಯನ್ನಾಗಿ ಮಾಡಿದ ಶ್ರದ್ಧೆಯೇ ಅವರ ಸ್ವದೇಶದ ವಾಚಕರಲ್ಲಿ ಅನೇಕರಿಗೆ ಬೇಡವಾಗಿತ್ತು. ಈ ವೈಪರೀತ್ಯಕ್ಕೆ ಕಾರಣವೇನು?

ಸಂಗತಿಗಳನ್ನು ಸಂಕ್ಷೇಪವಾಗಿ ನೆನೆಯೋಣ. ೧೮೨೮ರಲ್ಲಿ ಯಾಸ್ನಾಯಾ ಪೊಲ್ಯಾನಾದ ಸಿರಿವಂತ ಮನೆತನದಲ್ಲಿ ಜನಿಸಿದ ಟಾಲ್‌ಸ್ಟಾಯ್ ಬಾಲ್ಯದಲ್ಲಿ ಸನಾತನ ಕ್ರೈಸ್ತ ಸಂಪ್ರದಾಯದ ದೀಕ್ಷೆ ಪಡೆದವರು. ಹದಿನೆಂಟರ ಹೊತ್ತಿಗೆ ಆ ನಂಬಿಕೆಯನ್ನು ಕಳೆದುಕೊಂಡವರು. ‘ಯುದ್ಧ ಮತ್ತು ಶಾಂತಿ’ ೧೮೬೯ರಲ್ಲಿ ಪೂರ್ಣಗೊಂಡಿತು. ‘ಅನ್ನಾ ಕರೆನಿನಾ’ ೧೮೭೫ರಿಂದ ೧೮೭೭ರವರೆಗೆ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೀರ್ತಿ, ಸಂಪತ್ತು, ಸಂತಾನ ಎಲ್ಲವೂ ಇದ್ದ ಐವತ್ತರ ಆ ವಯಸ್ಸಿನಲ್ಲಿ ಬದುಕೇ ಅರ್ಥಹೀನವೆನಿಸಿತು. ಕೈಗೆ ಸಿಕ್ಕೀತೆಂದು ಹಗ್ಗವನ್ನು ಬಚ್ಚಿಟ್ಟರು. ಬೇಟೆಗೆ ಕೋವಿ ಒಯ್ಯುವುದನ್ನು ಬಿಟ್ಟರು. ೧೮೭೯ರಿಂದ ೧೮೮೨ರವರೆಗೆ ಬರೆದ ‘ತಪ್ಪೊಪ್ಪಿಗೆ’ ಎಂಬ ಗ್ರಂಥದಲ್ಲಿ ಈ ವೃತ್ತಾಂತವಿದೆ. ಧಾರ್ಮಿಕ ಪರೀಕ್ಷಕರ ಅಡ್ಡಿಯಿಂದ ಅದು ರಷ್ಯಾದಲ್ಲಿ ಪ್ರಕಟವಾಗದೆ ೧೮೮೪ರಲ್ಲಿ ಜಿನೀವಾದಲ್ಲಿ ಅಚ್ಚಾಯಿತು.

ಆ ಗ್ರಂಥದ ಒಂದು ದೃಷ್ಟಾಂತವು ನಮ್ಮ ವಾಚಕರ ವಿಶೇಷ ಗಮನಕ್ಕೆ ಅರ್ಹವಾದುದು. ಕ್ರೂರಮೃಗಕ್ಕೆ ಹೆದರಿದ ಪಥಿಕನೊಬ್ಬ ಪಾಳುಬಾವಿಗೆ ಇಳಿಯುತ್ತಾನೆ. ಕೆಳಗೆ ಘೋರಸರ್ಪ ಬಾಯ್ದೆರೆದಿದೆ. ಅವನು ಹಿಡಿದು ಜೋತುಬಿದ್ದ ಗಿಡದ ಬುಡವನ್ನು ಬಿಳಿ ಇಲಿಯೊಂದು, ಕರಿ ಇಲಿಯೊಂದು ಕಡಿಯುತ್ತಿವೆ. ಆಗಲೂ ಅವನು ಎಲೆಯ ಮೇಲಿನ ಜೇನುಹನಿಯನ್ನು ನೆಕ್ಕುತ್ತಾನೆ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವ, ಜೈನಕಥಾಪರಂಪರೆಯಲ್ಲಿ ‘ಮಧುಬಿಂದು’ವೆಂದು ಪ್ರಸಿದ್ಧವಾದ ದೃಷ್ಟಾಂತವೇ ಇದು. ಭಾರತದಿಂದ ಹೊರಟು ಹಲವು ನಾಡುಗಳನ್ನು ಹಾದು ಪಶ್ಚಿಮವನ್ನು ಸೇರಿದ ಈ ಕಥೆಯೇ ಕ್ರಿಸ್ತನ ಕಡೆಗೆ ಮರಳುತ್ತಿದ್ದ ಕಾದಂಬರಿಕಾರನಿಗೆ ಕೈದೀಪವಾಯಿತು. ತನ್ನ ಪಾಲಿನ ಜೇನುಹನಿಗಳು ಎರಡೆಂದು ಅವರು ಹೇಳುತ್ತಾರೆ: ಕುಟುಂಬದ ಪ್ರೀತಿ ಒಂದು, ತಾನು ಕಲೆಯೆಂದು ಕರೆದ ಬರವಣಿಗೆ ಮತ್ತೊಂದು. ಅವೆರಡೂ ಈಗ ಸಿಹಿಯಾಗಿ ಉಳಿದಿರಲಿಲ್ಲ.

ವಾಚಕರಿಗೂ ಅವರಿಗೂ ವಿರಸ ಹುಟ್ಟಿದುದು ಇಲ್ಲಿಯೇ. ಲೇಖಕನಿಗೆ ಸಿಹಿಯಾಗಿ ಉಳಿಯದ ಜೇನನ್ನು ವಾಚಕರು ಬಿಡಲೊಲ್ಲರು. ಕಾದಂಬರಿಕಾರ ತುರ್ಗೆನೆವ್ ೧೮೮೩ರಲ್ಲಿ, ಮರಣಶಯ್ಯೆಯಿಂದ, ಟಾಲ್‌ಸ್ಟಾಯ್ ಅವರಿಗೆ ಪತ್ರ ಬರೆದು, ಸಾಹಿತ್ಯಕ್ಕೆ ಮರಳಿ ಬರಬೇಕೆಂದು ಬೇಡಿಕೊಂಡರು. ಹಳೆಯ ವಿರಸಗಳನ್ನೆಲ್ಲ ಮರೆತು ಬರೆದ ಆ ಪತ್ರದ ಆರ್ದ್ರತೆ ಎಂಥವರನ್ನೂ ಕರಗಿಸುವಂಥದು. ಆದರೆ ಅದರೊಳಗಿನ ಭಾವವನ್ನು ನಾವು ವಿವೇಚಿಸಬೇಕು: ಶ್ರದ್ಧೆಯು ನಮ್ಮ ಕಲಾವಿದನನ್ನು ಅಪಹರಿಸಿತು, ಅವನನ್ನು ನಮಗೆ ಹಿಂದಿರುಗಿಸು ಎಂಬುದು ಆ ಭಾವ.

ಇನ್ನೊಂದು ಕಡೆ ಧರ್ಮಪೀಠದವರಿದ್ದರು. ಟಾಲ್‌ಸ್ಟಾಯ್ ಮೊದಲಿಗೆ ಹಳ್ಳಿಯ ದುಡಿಯುವ ರೈತರ ನಂಬಿಕೆಯನ್ನು ಕಂಡು, ಅವರಂತೆಯೇ ಉಪವಾಸ, ಪೂಜೆ, ಪ್ರಸಾದಸ್ವೀಕಾರಗಳನ್ನು ನಿಷ್ಠೆಯಿಂದ ಆಚರಿಸಿದರು. ಆದರೆ ಯುದ್ಧದಲ್ಲಿ ಜಯವನ್ನು ಬೇಡುವ ಪ್ರಾರ್ಥನೆ ಇಗರ್ಜಿಯಲ್ಲಿ ನಡೆದಾಗ ಅವರ ಮನಸ್ಸು ಹಿಮ್ಮೆಟ್ಟಿತು. ಸುವಾರ್ತೆಗಳನ್ನು ಗ್ರೀಕ್ ಮೂಲದಲ್ಲಿಯೇ ಓದಿದರು. ಬೆಟ್ಟದ ಮೇಲಿನ ಪ್ರಸಂಗವನ್ನು, ಅದರಲ್ಲಿಯೂ ಕೇಡನ್ನು ಬಲದಿಂದ ಎದುರಿಸಬಾರದೆಂಬ ಉಪದೇಶವನ್ನು, ಬದುಕಿನ ಆಧಾರವಾಗಿ ಹಿಡಿದರು. ಅವರು ಕ್ರಿಸ್ತನಲ್ಲಿಗೆ ಮರಳಿದರು, ಇಗರ್ಜಿಗೆ ಮರಳಲಿಲ್ಲ. ೧೯೦೧ರ ಫೆಬ್ರುವರಿಯಲ್ಲಿ ರಷ್ಯಾದ ಧರ್ಮಸಭೆಯು ಅವರು ತನ್ನ ಬಳಗಕ್ಕೆ ಸೇರಿದವರಲ್ಲವೆಂದು ಸಾರಿತು. ಶಾಪದ ಪತ್ರಗಳು ಬಂದವು. ಮಾಸ್ಕೋದ ಬೀದಿಯಲ್ಲಿ ಜಯಕಾರಗಳೂ ಕೇಳಿಬಂದವು. ಚಿತ್ರಕಾರ ರೇಪಿನ್ ಬರೆದ ಅವರ ಭಾವಚಿತ್ರಕ್ಕೆ ಪ್ರದರ್ಶನದಲ್ಲಿ ಜನ ಹೂವಿಟ್ಟರು; ಚಿತ್ರವನ್ನೇ ತೆಗೆದುಹಾಕಲಾಯಿತು.

ಹೀಗೆ ಸಾಹಿತ್ಯದ ವಾಚಕರು ಕಲಾವಿದನನ್ನು ಬೇಡಿದರು. ಪೀಠದವರು ತಮ್ಮ ಭಕ್ತನನ್ನು ಬೇಡಿದರು. ಜಯಕಾರ ಹಾಕಿದವರಲ್ಲಿಯೂ ಅನೇಕರಿಗೆ ಬೇಕಾದುದು ಅರಸೊತ್ತಿಗೆಯ ವಿರೋಧಿ. ಮೂವರೂ ಲೇಖಕನನ್ನು ತಮ್ಮ ಸ್ವತ್ತೆಂದು ಬಗೆದರು. ಆತ ಬರೆದುದರಲ್ಲಿ ಆ ಶ್ರದ್ಧೆಯು ಎಷ್ಟರಮಟ್ಟಿಗೆ ಪಕ್ವವಾಗಿದೆ ಎಂದು ಕೇಳಿದವರು ವಿರಳ. ವಿಮರ್ಶೆಗೆ ಉಚಿತವಾದ ಪ್ರಶ್ನೆ ಅದೊಂದೇ ಎಂಬುದು ನನ್ನ ವಿನಮ್ರ ಅಭಿಪ್ರಾಯ.

ಶರಣರು ನಡೆನುಡಿಗಳ ಒಂದಾಗುವಿಕೆಯನ್ನು ಅಳತೆಗೋಲಾಗಿ ಕೊಟ್ಟರು. ಪರಮತದ ಸಾಧಕನನ್ನು ನಮ್ಮ ಷಟ್‌ಸ್ಥಲದಿಂದ ತೂಗುವುದು ಸರಿಯಲ್ಲವೆಂದು ಬಲ್ಲೆ. ಆದರೂ ತಿಳಿವಿನ ಸೌಕರ್ಯಕ್ಕಾಗಿ ಅದನ್ನು ಕ್ಷಣಕಾಲ ಬಳಸಿಕೊಳ್ಳುತ್ತೇನೆ. ಭಕ್ತನ ಶ್ರದ್ಧೆಯು ಮಹೇಶಸ್ಥಲದಲ್ಲಿ ನಿಷ್ಠೆಯಾಗುತ್ತದೆ. ಆ ಹಂತದಲ್ಲಿ ಸಾಧಕನು ಛಲವುಳ್ಳವನು, ತನ್ನದಲ್ಲದುದನ್ನು ಸಹಿಸಲಾರನು. ಪ್ರಸಾದಿಸ್ಥಲಕ್ಕೆ ಬಂದಾಗ ಆ ನಿಷ್ಠೆಯು ಅವಧಾನವಾಗಿ, ಬಂದುದೆಲ್ಲವನ್ನೂ ಪ್ರಸಾದವೆಂದು ಕೈಗೊಳ್ಳುವ ಮೃದುತ್ವ ಮೂಡುತ್ತದೆ. ಟಾಲ್‌ಸ್ಟಾಯ್ ಅವರ ಉತ್ತರಕಾಲದ ಬರವಣಿಗೆಯಲ್ಲಿ ಈ ಎರಡೂ ಸ್ಥಿತಿಗಳು ಅಕ್ಕಪಕ್ಕದಲ್ಲಿಯೇ ಇವೆ.

೧೮೯೯ರಲ್ಲಿ ಹೊರಬಂದ ‘ಪುನರುತ್ಥಾನ’ವನ್ನು ನೋಡೋಣ. ಯೌವನದಲ್ಲಿ ತಾನು ಕೆಡಿಸಿದ ಹೆಣ್ಣು ಕೊಲೆಯ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತಾಗ ನೆಖ್ಲ್ಯುದೊವ್ ಪಂಚರಲ್ಲಿ ಒಬ್ಬನಾಗಿ ಕುಳಿತಿರುತ್ತಾನೆ. ಅವನ ಪಶ್ಚಾತ್ತಾಪ, ಸೆರೆಮನೆಯ ನರಕ, ಸೈಬೀರಿಯಾದ ದಾರಿ, ಇವುಗಳ ಚಿತ್ರಣದಲ್ಲಿ ಹಳೆಯ ಕಾದಂಬರಿಕಾರನ ಕೈ ಕಿಂಚಿತ್ತೂ ನಡುಗಿಲ್ಲ. ಆದರೆ ಕೊನೆಯಲ್ಲಿ ನಾಯಕನು ಮತ್ತಾಯನ ಸುವಾರ್ತೆಯನ್ನು ತೆರೆದು ಓದುತ್ತಾನೆ. ಸಮಸ್ಯೆಗಳಿಗೆಲ್ಲ ಅಲ್ಲಿ ಉತ್ತರ ದೊರೆಯುತ್ತದೆ. ಕಥೆಯನ್ನು ಹೀಗೆ ಸುವಾರ್ತೆಯ ವಾಕ್ಯದಿಂದ ಮುಗಿಸುವುದು ಅದಕ್ಕೆ ಮುಕ್ತಾಯವಲ್ಲವೆಂದು ಚೆಕಾವ್ ಆಗಲೇ ಆಕ್ಷೇಪಿಸಿದ್ದರು. ಅದು ಯುಕ್ತವಾದ ಆಕ್ಷೇಪ. ಅಲ್ಲಿ ನುಡಿ ಇದೆ. ಅದು ನಾಯಕನ ನಡೆಯಾಗಿ ನಮಗೆ ಕಾಣುವ ಮುನ್ನವೇ ಗ್ರಂಥ ಮುಗಿಯುತ್ತದೆ. ಸೆರೆಮನೆಯ ಇಗರ್ಜಿಯ ಪೂಜೆಯನ್ನು ಪರಿಹಾಸದಿಂದ ವರ್ಣಿಸಿದ ಅಧ್ಯಾಯಗಳಂತೂ ಮಹೇಶನ ಛಲದ ಮಾತುಗಳು. ಸರಪಳಿ ತೊಟ್ಟ ಕೈದಿಗಳಿಗೆ ಕಾಟಾಚಾರದ ಪೂಜೆಯನ್ನು ಕೊಟ್ಟವರ ಮೇಲಿನ ಕೋಪವು ನ್ಯಾಯವಾದುದೇ. ಆದರೆ ಆ ಪೂಜೆಯಲ್ಲಿ ಕಣ್ಣೀರಿಟ್ಟು ತಲೆಬಾಗಿದ ಯಾವನೋ ಒಬ್ಬ ಕೈದಿಯ ಭಕ್ತಿಯನ್ನು ಲೇಖಕರು ನೋಡಬಹುದಾಗಿತ್ತು. ಅಂಗೈಯ ಮೇಲೆ ಲಿಂಗವನ್ನಿಟ್ಟು ಪೂಜಿಸುವ ನನ್ನಂಥವನಿಗೆ ಆ ಪುಟಗಳನ್ನು ಓದುವಾಗ ಮನಸ್ಸು ಮುದುಡಿತೆಂಬುದನ್ನು ಮುಚ್ಚಿಡಲಾರೆ.

ಅದೇ ಲೇಖನಿಯಿಂದ ೧೮೮೬ರಲ್ಲಿ ಬಂದ ‘ಮೂವರು ತಪಸ್ವಿಗಳು’ ಎಂಬ ಕಿರುಗಥೆಯನ್ನು ಇದರ ಪಕ್ಕದಲ್ಲಿ ಇಡೋಣ. ಹಡಗಿನಲ್ಲಿ ಹೊರಟ ಧರ್ಮಾಧ್ಯಕ್ಷನೊಬ್ಬನಿಗೆ ದ್ವೀಪವೊಂದರಲ್ಲಿ ಮೂವರು ಮುದುಕರು ಸಿಗುತ್ತಾರೆ. ಅವರಿಗೆ ಶಾಸ್ತ್ರ ಬಾರದು; ನೀವು ಮೂವರು, ನಾವು ಮೂವರು, ಕರುಣಿಸಿ ಎಂಬಷ್ಟೇ ಅವರ ಪ್ರಾರ್ಥನೆ. ಧರ್ಮಾಧ್ಯಕ್ಷನು ದಿನವೆಲ್ಲ ಕುಳಿತು ಶಾಸ್ತ್ರೋಕ್ತ ಪ್ರಾರ್ಥನೆಯನ್ನು ಕಲಿಸಿ ಹೊರಡುತ್ತಾನೆ. ರಾತ್ರಿ ಕಡಲಿನ ಮೇಲೆ ಏನೋ ಬೆಳಕು. ಕಲಿತ ಪ್ರಾರ್ಥನೆ ಮರೆತುಹೋಯಿತು, ಇನ್ನೊಮ್ಮೆ ಹೇಳಿಕೊಡಿ ಎಂದು ಆ ಮೂವರೂ ನೀರಿನ ಮೇಲೆಯೇ ಓಡಿಬರುತ್ತಿದ್ದಾರೆ! ಗುರು ಶಿಷ್ಯರಿಗೆ ತಲೆಬಾಗುತ್ತಾನೆ. ಬೇಡರ ಕಣ್ಣಪ್ಪನ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಮುದುಕರು ಅಪರಿಚಿತರೇ? ಇಲ್ಲಿ ಧರ್ಮಾಧ್ಯಕ್ಷನು ಪರಿಹಾಸಕ್ಕೆ ಪಾತ್ರನಲ್ಲ. ಬಾಗಬಲ್ಲವನಾದುದರಿಂದ ಅವನೂ ದೊಡ್ಡವನಾಗುತ್ತಾನೆ. ಇದು ಪ್ರಸಾದಿಯ ಬರಹ. ಅದೇ ವರ್ಷದ ‘ಇವಾನ್ ಇಲ್ಯಿಚನ ಮರಣ’ದಲ್ಲಿ, ಸಾಯುತ್ತಿರುವ ಒಡೆಯನ ಕಾಲುಗಳನ್ನು ರಾತ್ರಿಯೆಲ್ಲ ತನ್ನ ಹೆಗಲ ಮೇಲೆ ಹೊತ್ತು ಕೂರುವ ಆಳುಮಗ ಗೆರಾಸಿಮ್ ಒಂದು ಉಪದೇಶವನ್ನೂ ಮಾಡುವುದಿಲ್ಲ, ಕಾಯಕದಲ್ಲಿಯೇ ಎಲ್ಲವನ್ನೂ ಹೇಳುತ್ತಾನೆ. ಶ್ರದ್ಧೆಯು ಕಲೆಯನ್ನು ಕೊಂದಿತೆಂದು ಕೊರಗಿದವರಿಗೆ ಈ ಎರಡು ಕೃತಿಗಳೇ ಉತ್ತರ.

ಇದು ಹಳೆಯ ಕಾಲದ, ದೂರದೇಶದ ಸಂಗತಿಯೆಂದು ಭಾವಿಸಬೇಕಿಲ್ಲ. ರಕ್ತಹೀರುವ ಪಿಶಾಚಿಗಳ ಕಾದಂಬರಿಗಳಿಂದ ಪ್ರಖ್ಯಾತರಾದ ಅಮೆರಿಕದ ಆನ್ ರೈಸ್ ಎಂಬ ಲೇಖಕಿ, ಹದಿಹರೆಯದ ಕೊನೆಗೆ ಬಿಟ್ಟುಬಂದ ಕ್ಯಾಥೋಲಿಕ್ ಮತಕ್ಕೆ ೧೯೯೮ರಲ್ಲಿ ಮರಳಿ, ೨೦೦೫ರಲ್ಲಿ ಯೇಸುವಿನ ಬಾಲ್ಯವನ್ನು ಕುರಿತ ಕಾದಂಬರಿಯನ್ನು ಪ್ರಕಟಿಸಿದರು. ಹಳೆಯ ವಾಚಕರಲ್ಲಿ ಹಲವರು ಮುಖ ತಿರುಗಿಸಿದರು. ಆಸ್ತಿಕರು ನಮ್ಮವಳಾದಳೆಂದು ಹಿಗ್ಗಿದರು. ೨೦೧೦ರಲ್ಲಿ ಕ್ರಿಸ್ತನನ್ನು ಬಿಡದೆಯೇ ಕ್ರೈಸ್ತಸಂಸ್ಥೆಯಿಂದ ಹೊರನಡೆಯುತ್ತಿದ್ದೇನೆಂದು ಆಕೆ ಸಾರಿದಾಗ ಹಿಗ್ಗಿದವರೂ ಮುನಿದರು. ೨೦೨೧ರಲ್ಲಿ ಆಕೆ ತೀರಿಕೊಂಡರು. ನೂರು ವರ್ಷಗಳಾದರೂ ವಾಚಕರ ಸ್ವಭಾವ ಬದಲಾಗಲಿಲ್ಲ.

ಇಷ್ಟನ್ನೆಲ್ಲ ಪರರ ದೋಷವಾಗಿ ಎಣಿಸಿ ಲೇಖನವನ್ನು ಮುಗಿಸುವುದು ಸುಲಭ. ಆದರೆ ನಮ್ಮ ಮನೆಯ ಮಾತನ್ನೂ ಆಡಬೇಕು. ೧೯೯೦ರ ದಶಕದಲ್ಲಿ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯ ವಿರುದ್ಧ, ಅದರಲ್ಲಿನ ಶರಣೆ ಅಕ್ಕನಾಗಮ್ಮನವರ ಚಿತ್ರಣದ ಕಾರಣ, ನಾಡಿನಲ್ಲಿ ಪ್ರತಿಭಟನೆ ಎದ್ದಿತು. ಸರ್ಕಾರವು ಕೃತಿಯನ್ನು ಮುಟ್ಟುಗೋಲು ಹಾಕಿತು. ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಭಕ್ತರ ನೋವು ಸುಳ್ಳಾಗಿತ್ತೆಂದು ನಾನು ಹೇಳಲಾರೆ. ಆದರೆ ಆಗ ತರುಣ ಶಿಕ್ಷಕನಾಗಿದ್ದ ನಾನು, ಪುಸ್ತಕವನ್ನು ಕಣ್ಣಿನಿಂದಲೂ ಕಾಣದೆ, ಊರಿನ ಹಿರಿಯರೊಬ್ಬರು ಮುಂದೆ ಹಿಡಿದ ಖಂಡನಾಪತ್ರಕ್ಕೆ ಸಹಿ ಹಾಕಿದೆ. ತರಗತಿಯಲ್ಲಿ ಮಕ್ಕಳಿಗೆ, ಪಾಠವನ್ನು ಓದದೆ ಉತ್ತರ ಬರೆಯಬೇಡಿರೆಂದು ಗದರುತ್ತಿದ್ದವನು ನಾನೇ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬುದು ನಮ್ಮ ಭಾಗದ ಗಾದೆ. ಕನಕಗಿರಿಯಲ್ಲಿಯೇ ಇದ್ದು ಕಣ್ಣು ಮುಚ್ಚಿ ಸಹಿ ಮಾಡಿದ್ದೆ.

ಇದಕ್ಕೆ ಪ್ರತಿಯಾಗಿ ಓದುವಿಕೆಯ ಒಂದು ಆದರ್ಶವೂ ನಮ್ಮ ನೆರೆಯಲ್ಲಿಯೇ ಇದೆ. ತುಂಗಭದ್ರೆಯ ಆಚೆಗಿನ ಹೂವಿನಹಡಗಲಿ ಸೀಮೆಯ ಉತ್ತಂಗಿಯ ಹೆಸರನ್ನು ಹೊತ್ತ ರೆವರೆಂಡ್ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ. ಕ್ರಿಸ್ತನಲ್ಲಿಟ್ಟ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೂ ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಸಂಪಾದಿಸಿದರು. ಅನುಭವಮಂಟಪವು ಕೇವಲ ಕಲ್ಪನೆಯೆಂದು ಸಂಶಯಿಸಿದವರಿಗೆ ಅದರ ಐತಿಹಾಸಿಕತೆಯನ್ನು ಸಾಧಿಸಿ ತೋರಲು ಗ್ರಂಥವನ್ನೇ ಬರೆದರು. ಅವರನ್ನು ಕನ್ನಡಿಗರು ೧೯೪೯ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂರಿಸಿದರು. ಶರಣರನ್ನು ಓದಲು ಅವರು ತಮ್ಮ ದೇವರನ್ನು ಬಿಡಬೇಕಾಗಲಿಲ್ಲ. ಅವರ ಗ್ರಂಥವನ್ನು ಒಪ್ಪಲು ನಾವೂ ಅವರ ಮತವನ್ನು ಒಪ್ಪಬೇಕಾಗಲಿಲ್ಲ.

೧೯೧೦ರಲ್ಲಿ, ಎಂಬತ್ತೆರಡರ ಇಳಿವಯಸ್ಸಿನಲ್ಲಿ ಮನೆ ಬಿಟ್ಟು ಹೊರಟ ಟಾಲ್‌ಸ್ಟಾಯ್ ಆಪ್ಟಿನಾ ಎಂಬ ಮಠದ ಬಳಿಗೆ ಹೋಗಿದ್ದರು. ಅಲ್ಲಿಯ ಹಿರಿಯ ಸಾಧುಗಳು ವಾಸಿಸುವ ಆಶ್ರಮದ ಸಮೀಪದವರೆಗೆ ನಡೆದುಹೋಗಿ, ಒಳಗೆ ಪ್ರವೇಶಿಸದೆ ಹಿಂದಿರುಗಿದರು. ಕೆಲವೇ ದಿನಗಳಲ್ಲಿ ಅಸ್ತಾಪೊವೊ ರೈಲುನಿಲ್ದಾಣದಲ್ಲಿ ಪ್ರಾಣ ಬಿಟ್ಟರು. ಮಠದಿಂದ ಬಂದ ಸಾಧುವಿಗೆ ಅವರ ಕೋಣೆಯೊಳಗೆ ಪ್ರವೇಶ ದೊರೆಯಲಿಲ್ಲ. ಆಚೆಯಿಂದ ಒಬ್ಬರು, ಈಚೆಯಿಂದ ಒಬ್ಬರು ಬಾಗಿಲವರೆಗೆ ಬಂದಿದ್ದರು. ಮಠದ ಆಶ್ರಯದಲ್ಲಿ ನಡೆಯುವ ಈ ಪತ್ರಿಕೆಯಲ್ಲಿ ಬರೆಯುವಾಗ ನನ್ನನ್ನು ಬಹುವಾಗಿ ಕಾಡುವ ಚಿತ್ರ ಇದೇ. ಮರಳಿ ಬರುವವನು ನಾವು ತೆರೆದಿಟ್ಟ ಬಾಗಿಲಿನಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ.

ನಾನು ಸಹಿ ಹಾಕಿದ ಆ ಪುಸ್ತಕ ಇಂದಿಗೂ ನನ್ನ ಕೈಸೇರಿಲ್ಲ. ಆದುದರಿಂದ ಅದು ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಹೇಳುವ ಅಧಿಕಾರ ನನಗಿಲ್ಲ. ಅಂದು ಇರಲಿಲ್ಲವೆಂಬುದನ್ನು ಮಾತ್ರ ಈಗ ಒಪ್ಪಿಕೊಳ್ಳುತ್ತಿದ್ದೇನೆ.