ಹಿತ್ತಿಲ ಗೂಡಿನ ಬಟ್ಟಲು

2023ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಸೋದಬೀಸ್ ಹರಾಜಿನಲ್ಲಿ ಒಂದು ಚೀನಾ ಪಿಂಗಾಣಿ ಬಟ್ಟಲು ಸುಮಾರು 19.8 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹೋಯ್ತು. ನಮ್ಮ ಲೆಕ್ಕದಲ್ಲಿ ಇನ್ನೂರು ಕೋಟಿ ರೂಪಾಯಿ ದಾಟುತ್ತೆ. ಅಗಲ ಹನ್ನೊಂದು ಸೆಂಟಿಮೀಟರ್ ಚಿಲ್ಲರೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೇಲಿ ಚಟ್ನಿಗೆ ಇಡೋ ಬಟ್ಟಲಿನಷ್ಟು. ಆಫೀಸಿನ ವಾಟ್ಸಾಪ್ ಗುಂಪಲ್ಲಿ ಎಲ್ಲರೂ ಆ ದುಡ್ಡಿಗೆ ಎಷ್ಟು ಫ್ಲ್ಯಾಟ್ ಬರುತ್ತೆ ಅಂತ ಲೆಕ್ಕ ಹಾಕ್ತಿದ್ರು. ನಾನು ಫೋಟೊ ಜೂಮ್ ಮಾಡ್ತಾ ಕೂತೆ.

ಚೆನ್ನಾಗಿದೆ, ಸುಳ್ಳು ಹೇಳಬಾರದು. 18ನೇ ಶತಮಾನದ್ದು. ಜಿಂಗ್‌ದೆಜೆನ್‌ನಲ್ಲಿ ಸುಟ್ಟ ಬಿಳಿ ಬಟ್ಟಲನ್ನು ಬೀಜಿಂಗ್ ಅರಮನೆಗೆ ತಂದು, ಎನಾಮೆಲ್ ಬಣ್ಣದಲ್ಲಿ ಚಿತ್ರ ಬರೆದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡ್ತಿದ್ದರು. ಹೂಬಿಟ್ಟ ಏಪ್ರಿಕಾಟ್ ಮರ, ಎರಡು ಕವಲುತೋಕೆ ಹಕ್ಕಿ, ಇನ್ನೊಂದು ಮಗ್ಗುಲಲ್ಲಿ ಪದ್ಯ. ಎಲ್ಲಾ ಒಟ್ಟಿಗೆ ಕಾಣಲ್ಲ, ಕೈಯಲ್ಲಿ ಹಿಡಿದು ತಿರುಗಿಸಬೇಕು. ಆದರೆ ಈಗ ಅದನ್ನ ಕೈಯಲ್ಲಿ ಹಿಡಿಯೋರು ಯಾರು? ಅದರ ಜೋಡಿ ಬ್ರಿಟಿಷ್ ಮ್ಯೂಸಿಯಂನಲ್ಲಿ, ಗಾಜಿನ ಹಿಂದೆ. ಕ್ಯಾಟಲಾಗಿನವರು ಹೇಳೋ ಕತೆಯಲ್ಲಿ ಮಾಲೀಕರ ಹೆಸರುಗಳೇ ಜಾಸ್ತಿ, ಅದರಲ್ಲಿ ಯಾರಾದರೂ ಏನಾದರೂ ಕುಡಿದರೋ ಇಲ್ಲವೋ ಅನ್ನೋ ಮಾತೇ ಇಲ್ಲ. ನನಗೆ ಬೇಕಿದ್ದದ್ದು ಅದೇ.

ಅದಕ್ಕೇ ಕಮಲಾಪುರದ ಮ್ಯೂಸಿಯಂನಲ್ಲಿ ಇಟ್ಟಿರೋ ಚೂರುಗಳು ನನಗೆ ಹೆಚ್ಚು ಹಿಡಿಸ್ತವೆ. ಹಂಪಿಯ ಉತ್ಖನನದಲ್ಲಿ, ಗಣ್ಯರ ಕೇರಿ ಅಂತ ಗುರುತಿಸಿರೋ ಜಾಗದಲ್ಲೂ, ಚೀನಾ ಪಿಂಗಾಣಿ ಚೂರು ಸಿಕ್ಕಿದೆ. ಈ ಎನಾಮೆಲ್ ಬಟ್ಟಲಿಗಿಂತ ಹಳೆಯ ಕಾಲದ ಸಾಮಾನು. ಹಡಗು ಹತ್ತಿ ಬಂದು, ಘಟ್ಟ ಏರಿ, ಯಾರದೋ ಮನೆಯಲ್ಲಿ ಬಳಕೆಯಾಗಿ ಒಡೆದದ್ದು. ಒಡೆದಿದೆ ಅಂದ್ರೆ ಯಾರೋ ಮುಟ್ಟಿದ್ದಾರೆ.

ಹಂಪಿಯಲ್ಲಿ ಅದು ದೊಡ್ಡವರ ಮನೆ ಸಾಮಾನು. ನಮ್ಮೂರಿಗೆ ಬರೋ ಹೊತ್ತಿಗೆ ಪಿಂಗಾಣಿಯ ಜಾತಿಯೇ ಬದಲಾಗಿತ್ತು. ನಮ್ಮ ಮನೆ ಹಿತ್ತಿಲ ಗೂಡಲ್ಲಿ ಎರಡು ಪಿಂಗಾಣಿ ಬಟ್ಟಲು ಇರ್ತಿದ್ವು. ಒಳಗೆ ನಮಗೆ ಸ್ಟೀಲ್ ಲೋಟ. ಹೊಲದ ಕೆಲಸಕ್ಕೆ ಬರೋರಿಗೆ ಚಾ ಆ ಬಟ್ಟಲಲ್ಲಿ. ಮೇಲಿಂದ ಹೊಯ್ಯೋದು, ಕುಡಿದ ಮೇಲೆ ಅವರೇ ತೊಳೆದು ಬೋರಲು ಹಾಕಬೇಕು. ಒಂದರ ಮೇಲೆ ಗುಲಾಬಿ ಹೂವಿತ್ತು, ಅಂಚು ಹಾರಿತ್ತು. ಚಿಕ್ಕವನಿದ್ದಾಗ ಚೆಂದ ಅಂತ ಎತ್ತಿಕೊಂಡು ಏಟು ತಿಂದಿದ್ದೀನಿ.

ಹೋದ ಸಲ ಊರಿಗೆ ಹೋದಾಗ ನೋಡಿದೆ, ಒಂದು ಇನ್ನೂ ಗೂಡಲ್ಲೇ ಇತ್ತು. ದಾವಣಗೆರೆಗೆ ತಂದು ಉಜ್ಜಿ ತೊಳೆದು, ಚಾ ಹಾಕಿಕೊಂಡು ಹಾಲ್‌ನಲ್ಲಿ ಕೂತೆ. ಅವ್ವ ಏನೂ ಅನ್ನಲಿಲ್ಲ. ರಾತ್ರಿ ನೋಡಿದರೆ ಪಾತ್ರೆ ಎಲ್ಲಾ ತೊಳೆದಾಗಿತ್ತು. ಆ ಬಟ್ಟಲು ಮಾತ್ರ ಬಾಲ್ಕನಿಯಲ್ಲಿ, ತುಳಸಿ ಕುಂಡದಿಂದ ದೂರಕ್ಕೆ, ಬೋರಲು ಬಿದ್ದಿತ್ತು.